ಗುಮ್ಮನ ಜಡೆ

ಕೊಪ್ಪಳದ ಬೇಸಿಗೆಯಲ್ಲಿ ಸ್ವಂತ ಮನೆಯೊಳಗೆ ಫ್ಯಾನು ಹಾಕಿಕೊಳ್ಳುವ ಹಕ್ಕು ಕಳೆದುಕೊಂಡ ಯಜಮಾನ ಭಾಗ್ಯನಗರದಲ್ಲಿ ಯಾರಾದರೂ ಇದ್ದರೆ ಅದು ನಾನೇ, ಕೊಟ್ರಬಸಪ್ಪ. ಕಾರಣ ಕೇಳಿದರೆ ನಗುತ್ತೀರಿ. ಫ್ಯಾನು ಹಾಕಿದರೆ ಗುಮ್ಮನ ಕೂದಲು ಅಲುಗಾಡುತ್ತದೆ!

ನಮ್ಮ ಮಗಳು ಭವಾನಿ ಹುಬ್ಬಳ್ಳಿಯಲ್ಲಿ ಅನಿಮೇಷನ್ ಓದುತ್ತಾಳೆ. ಕೊನೆಯ ವರ್ಷದ ಪರೀಕ್ಷೆಗೆ ಬಾಲ್ಯದ ಭಯದ ಮೇಲೆ ಒಂದು ಪುಟ್ಟ ಚಿತ್ರ ಮಾಡಬೇಕಂತೆ. ಅದಕ್ಕೆ ನಮ್ಮ ನಡುಮನೆಯೇ ಸ್ಟುಡಿಯೋ. ಗೊಂಬೆಯ ಕಾಲನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫೋಟೊ ತೆಗೆಯುವುದು, ಮತ್ತೆ ಸರಿಸುವುದು. ಬೆಳಗಿನಿಂದ ಸಂಜೆಯವರೆಗೆ ಹೀಗೆ ಒದ್ದಾಡಿದರೆ ಗೊಂಬೆ ಹೊಸ್ತಿಲು ದಾಟುತ್ತದೆ. (ನಮ್ಮ ಬೀಗರು ಊರಿಗೆ ಹೊರಡುವಾಗ ಇದಕ್ಕಿಂತ ನಿಧಾನ, ಆ ಮಾತು ಬೇರೆ.)

"ಅಪ್ಪಾಜಿ, ಸಣ್ಣವರಿದ್ದಾಗ ನೀವು ಯಾವುದಕ್ಕ ಅಂಜತಿದ್ರಿ?" ಎಂದು ಮೊದಲ ದಿನವೇ ಕೇಳಿದ್ದಳು.

"ನಾನು ಯಾರಿಗೂ ಅಂಜಿದಾಂವ ಅಲ್ಲ," ಎಂದೆ. (ಮದುವೆಯಾದದ್ದು ಆಮೇಲೆ.)

"ಹೌದಽವ್ವ. ಹಲ್ಲಿ ಬಿದ್ರ ಮಂಚ ಏರಿ ನಿಂದ್ರೋರು ಬಾಜೂ ಮನಿಯವ್ರು," ಎಂದು ಅಡಿಗೆಮನೆಯಿಂದ ನನ್ನ ಹೆಂಡತಿ ಸುರೇಖಾಳ ಆಕಾಶವಾಣಿ.

ಮಾತು ತಪ್ಪಿಸಲು, "ನೀ ಯಾವುದಕ್ಕ ಅಂಜತಿದ್ದಿ, ಅದನ್ನ ಹೇಳು," ಎಂದೆ.

ಭವಾನಿ ತಲೆ ತಗ್ಗಿಸಿದಳು. "ಹಿತ್ತಲದಾಗ ನೀವು ಒಣಾಕ ಹಾಕತಿದ್ರಲ್ಲ ಅಪ್ಪಾಜಿ, ಆ ಕೂದಲಕ್ಕ. ಬಚ್ಚಲಕ್ಕ ಹೋಗಬೇಕಂದ್ರ ಅದರ ಕೆಳಗಽ ಹಾಯಬೇಕಿತ್ತು. ಎಷ್ಟೋ ಸಲ ಅಂಜಿ, ತಡಕೊಂಡು ಕುಂತೀನಿ."

ನಮ್ಮದು ಕೂದಲಿನ ವ್ಯಾಪಾರ. ಊರೂರಿನಿಂದ ಬರುವ ಕೂದಲನ್ನು ತೊಳೆದು, ಒಣಗಿಸಿ, ಸಿಕ್ಕು ಬಿಡಿಸಿ, ಕಟ್ಟು ಕಟ್ಟಿ ಕಳಿಸುತ್ತೇವೆ. ನನ್ನ ಪಾಲಿಗೆ ಅದು ಸಾಕ್ಷಾತ್ ಲಕ್ಷ್ಮಿ. ಆ ಲಕ್ಷ್ಮಿ ನನ್ನ ಕೂಸಿಗೆ ದೆವ್ವವಾಗಿ ಕಂಡಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಗೋಡೌನಿನಿಂದ ಒಂದು ಒಳ್ಳೆಯ ಕಟ್ಟನ್ನೇ ತಂದುಕೊಟ್ಟೆ. ಅವಳು ಅದನ್ನು ಕೆದರಿ, ಗಂಟುಗಂಟು ಮಾಡಿ, ಮುಖವೇ ಇಲ್ಲದ, ಕೊಡದಷ್ಟೆತ್ತರದ ಗುಮ್ಮನನ್ನು ನಿಲ್ಲಿಸಿದಳು. ಅದರೆದುರು ಬೆರಳುದ್ದದ ಮಣ್ಣಿನ ಹುಡುಗಿ. ನುಣ್ಣಗಿದ್ದ ಮಾಲು ಹಾಗೆ ಹಾಳಾದದ್ದನ್ನು ದಿನವೂ ನೋಡುತ್ತ ಊಟ ಮಾಡುವುದು ಎಂಥ ಶಿಕ್ಷೆ ಎಂಬುದು ಕೂದಲಿನ ವ್ಯಾಪಾರಿಗಳಿಗಷ್ಟೇ ತಿಳಿಯುತ್ತದೆ.

ಚಿತ್ರವೇನೋ ಸಾಗಿತು, ಕೊನೆ ಮಾತ್ರ ಹೊಳೆಯಲಿಲ್ಲ. "ಹುಡುಗಿ ಅಂಜಿಕಿ ಹೆಂಗ ಹೋಗಬೇಕು ಅನ್ನೋದಽ ತಿಳಿವಲ್ದು. ನಾಳೆ ಮಧ್ಯಾಹ್ನದೊಳಗ ಕಳಿಸಲಿಲ್ಲಂದ್ರ ಒಂದು ವರ್ಷ ಹೋತು ಅಪ್ಪಾಜಿ," ಎಂದು ಮುಖ ಸಣ್ಣದು ಮಾಡಿಕೊಂಡಳು.

ಅಂದು ಸಂಜೆ ಪಕ್ಕದ ಮನೆಯ ಹೇಮಪ್ಪನ ಬಸುರಿ ಸೊಸೆಗೆ ಕುಬಸದ ಕಾರ್ಯ. ಆರತಿ ಮಾಡಿ ಬರಲು ತಾಯಿ ಮಗಳು ಹೊರಟರು. "ಕ್ಯಾಮೆರಾ ತಾನಽ ಫೋಟೊ ತಗೊಂತಿರತೈತಿ. ಕಿಟಕಿ ಬಿಸಲು ಗುಮ್ಮನ ಮ್ಯಾಲೆ ಸರಿಯೂದು ಬೇಕು. ಯಾರೂ ಮುಟ್ಟಬ್ಯಾಡ್ರಿ," ಎಂದಳು ಭವಾನಿ. 'ಯಾರೂ' ಎನ್ನುವಾಗ ಸುರೇಖಾ ನನ್ನನ್ನೇ ನೋಡಿದಳು.

ದೇವರಾಣೆಗೂ ಮುಟ್ಟುವ ಉದ್ದೇಶವಿರಲಿಲ್ಲ. ಪೇಪರು ಓದುತ್ತ ಕುಳಿತೆ. ಬಿಸಿಲು ಗುಮ್ಮನ ಮೇಲೆ ಬಿತ್ತು. ನೆತ್ತಿಯ ಹತ್ತಿರ ಒಂದು ಸಿಕ್ಕು ಕಂಡಿತು. ಅದೊಂದನ್ನು ಬಿಡಿಸಿದರೆ ಯಾರಿಗೆ ನಷ್ಟ? ಬಿಡಿಸಿದೆ. ಅದರ ಕೆಳಗೆ ಇನ್ನೊಂದು. ಕೈಗೆ ಹಣಿಗೆ ಯಾವಾಗ ಬಂತೋ, ಕೊಬ್ಬರಿ ಎಣ್ಣೆ ಯಾವಾಗ ಬಂತೋ! ಎಚ್ಚರವಾದಾಗ ಗುಮ್ಮನ ಬೆನ್ನ ಮೇಲೆ ಬಿಗಿಯಾದ ಮೂರೆಳೆಯ ಜಡೆ, ಜಡೆಯಲ್ಲಿ ಫ್ರಿಜ್ಜಿನೊಳಗಿದ್ದ ಮಲ್ಲಿಗೆ. (ಗುಮ್ಮ ಗಂಡೋ ಹೆಣ್ಣೋ ಎಂಬ ವಿಚಾರ ಆಗ ಹೊಳೆಯಲಿಲ್ಲ.)

ಬಾಗಿಲ ಸಪ್ಪಳವಾಯಿತು. ಗಡಿಬಿಡಿಯಲ್ಲಿ ಜಡೆ ಬಿಚ್ಚಿ ಕೆದರಲು ಹೋದೆ. ಎಣ್ಣೆ ಹಚ್ಚಿದ ಕೂದಲು, ಎಷ್ಟು ಕೆದರಿದರೂ ತಾನಾಗಿಯೇ ಸಾಫಾಗಿ ಕೂತಿತು. ಜನ್ಮವೆಲ್ಲ ಸಿಕ್ಕು ಬಿಡಿಸಿದವನಿಗೆ ಸಿಕ್ಕು ಹಾಕಲು ಬರಬೇಕಲ್ಲ! ವಿಧಿಯಿಲ್ಲದೆ ಮತ್ತೆ ಹೆಣೆದುಬಿಟ್ಟೆ.

ಭವಾನಿ ಬಾಗಿಲಲ್ಲೇ ನಿಂತಳು. "ಅಪ್ಪಾಜಿ... ಏನಾತಿದು?"

"ಬೆಕ್ಕು ಬಂದಿತ್ತವ್ವ."

"ಬೆಕ್ಕು ಜಡಿ ಹಾಕತೈತೇನ್ರಿ? ಹೂವಾ ಮುಡಿಸತೈತೇನು?" ಎಂದಳು ಸುರೇಖಾ.

ಮಗಳ ಕಣ್ಣಲ್ಲಿ ನೀರು ಕಂಡು ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳ ವರ್ಷ ನನ್ನ ಕೈಯಾರೆ ಹೋಯಿತಲ್ಲ! ಬಚ್ಚಲಿಗೆ ಹೋಗಲೂ ಅಂಜಿಸಿದ ಅಪ್ಪ, ಈಗ ಓದಿಗೂ ಕಲ್ಲು ಹಾಕಿದ. ಎಷ್ಟು ಉಳಿದಿದೆಯೋ ನೋಡಲು ಅವಳು ಕ್ಯಾಮೆರಾದ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿ ಓಡಿಸಿದಳು.

ಪರದೆಯ ಮೇಲೆ ಗುಮ್ಮ ನಿಂತಿತ್ತು. ಎಲ್ಲಿಂದಲೋ ಎರಡು ದೊಡ್ಡ ಕೈ ಬಂದವು. ಒಂದೊಂದೇ ಸಿಕ್ಕು ಬಿಡಿಸಿದವು, ಎಣ್ಣೆ ಹಚ್ಚಿದವು. ನೋಡನೋಡುತ್ತ ಗುಮ್ಮ ಕರಗಿ, ಶಾಲೆಗೆ ಹೊರಟ ಹುಡುಗಿಯ ಹಾಗೆ ಜಡೆ ಹಾಕಿಕೊಂಡು ನಿಂತಿತು. ಮಣ್ಣಿನ ಹುಡುಗಿ ಪಕ್ಕದಲ್ಲೇ ಇದ್ದಳು. ಅವಳು ಅಂಜಲು ಅಲ್ಲೇನೂ ಉಳಿದಿರಲಿಲ್ಲ.

ಭವಾನಿ ಕಣ್ಣೊರೆಸಿಕೊಂಡು ಜೋರಾಗಿ ನಕ್ಕಳು. "ಅಪ್ಪಾಜಿ, ಇದಽ ಚಿತ್ರದ ಕೊನಿ! ಅಂಜಿಕಿ ಹಿಂಗಽ ಹೋಗತೈತಿ!" ಅವಳು ನನ್ನ ಎಣ್ಣೆಗೈಯನ್ನು ಹಿಡಿದಾಗ ನಾನು ಬಿಟ್ಟ ಉಸಿರಿಗೆ ಇನ್ನೊಂದು ಗುಮ್ಮನ ಕೂದಲು ಕೆದರುತ್ತಿತ್ತು.

ಚಿತ್ರ ವೇಳೆಗೆ ಸರಿಯಾಗಿ ಹೋಯಿತು, ಮಗಳು ಪಾಸಾದಳು. ಮನೆಯಲ್ಲಿ ಎಲ್ಲರೂ ಕೂತು ನೋಡಿದೆವು, ಫ್ಯಾನು ಹಾಕಿಕೊಂಡು! ಕೊನೆಗೆ ಕೆಲಸ ಮಾಡಿದವರ ಹೆಸರುಗಳ ನಡುವೆ ಅಕ್ಷರ ಮೂಡಿತು: 'ಗುಮ್ಮನ ಜಡೆ: ನಮ್ಮ ಅಪ್ಪಾಜಿ'. ನಾನು ಮೀಸೆಯ ಮೇಲೆ ಕೈಯಾಡಿಸಿ ಸುರೇಖಾಳತ್ತ ನೋಡಿದೆ. ಅವಳು ನಗುತ್ತಿರಲಿಲ್ಲ.

"ಒಂದು ಕೈಯಾಗ ರೊಟ್ಟಿ, ಒಂದು ಕೈಯಾಗ ಈಕಿ ಜಡಿ ಹಿಡದು ಈಕಿ ಸಾಲಿ ಮುಗಿಸೀನಿ. ಆವಾಗ ಪೇಪರ ಓದಕೋತ, ಅದು ಹೆಂಗಸರ ಕೆಲಸ ಅಂತಿದ್ರಲ್ಲ?"

ಮರುದಿನ ಬೆಳಿಗ್ಗೆ ಪೇಪರು ಬಿಡಿಸುವಷ್ಟರಲ್ಲಿ ಅವಳು ಹಣಿಗೆ, ಎಣ್ಣೆ ಬಾಟಲಿ ತಂದಿಟ್ಟು ನನ್ನ ಮುಂದೆ ಬೆನ್ನು ಮಾಡಿ ಕುಳಿತಳು. ಅವಳ ನಂತರದ ಸರದಿಗೆ, ಮೊಮ್ಮಗಳ ಚಿತ್ರ ನೋಡಲು ಬಂದಿದ್ದ ಅವಳ ತಾಯಿ, ಅಂದರೆ ನನ್ನ ಅತ್ತೆ ಪಾರ್ವತೆಮ್ಮ, ಆಗಲೇ ತುರುಬು ಬಿಚ್ಚಿಕೊಂಡು ಕಾಯುತ್ತಿದ್ದರು.

ಹೆಣೆದು ಮುಗಿಸಿದೆ. ಸುರೇಖಾ ಕನ್ನಡಿ ತಿರುಗಿಸಿ ನೋಡಿದಳು.

"ಗುಮ್ಮಗ ಇದಕ್ಕಿಂತ ಛಲೋ ಹಾಕಿದ್ರಿ. ಬಿಚ್ಚಿ ಮತ್ತ ಹಾಕ್ರಿ."