ಬೀಗರ ನೋಟು, ನನ್ನ ನೋಟ

ಮಗಳ ಮದುವೆ ಗೊತ್ತಾದ ಮೇಲೆ ತಂದೆಯಾದವನಿಗೆ ನಿದ್ದೆ ಬರುವುದಿಲ್ಲ ಎಂದು ಕೇಳಿದ್ದೆ. ನನಗೆ ನಿದ್ದೆ ಚೆನ್ನಾಗಿಯೇ ಬರುತ್ತಿತ್ತು. ಕಷ್ಟವಾಗುತ್ತಿದ್ದದ್ದು ಏಳುವುದು. ಕಣ್ಣು ಬಿಟ್ಟರೆ ಫೋನಿನಲ್ಲಿ ಬೀಗರ ಪ್ರಶ್ನೆ ಬಾಯಿ ತೆರೆದುಕೊಂಡು ಕೂತಿರುತ್ತಿತ್ತು.

ಬೀಗರು ನನ್ನ ಭಾವೀ ಅಳಿಯನ ತಂದೆ. ನೋಟು ಅಚ್ಚು ಹಾಕುವ ಸರ್ಕಾರಿ ಮುದ್ರಣಾಲಯದಲ್ಲಿ ಮೇಲ್ವಿಚಾರಕರಾಗಿದ್ದು ಈಚೆಗಷ್ಟೇ ನಿವೃತ್ತರಾದವರು. ನನ್ನದು ಕನ್ನಡಕದ ಅಂಗಡಿ. ಮೊದಲ ಭೇಟಿಯಲ್ಲೇ ಅವರು ನನ್ನ ಬೆನ್ನು ತಟ್ಟಿ, "ನಿಮ್ಮದು ನೋಟ, ನಮ್ಮದು ನೋಟು. ಮಧ್ಯೆ ಒಂದೇ ಒಂದು ಕೊಂಬು ಅಷ್ಟೇ, ಬೀಗರೇ!" ಎಂದು ನಕ್ಕಿದ್ದರು. (ಆ ಕೊಂಬಿನಿಂದಲೇ ದಿನಾ ನನ್ನನ್ನು ತಿವಿಯುತ್ತಾರೆಂದು ಆಗ ತಿಳಿಯದೆ ನಾನೂ ನಕ್ಕಿದ್ದೆ.)

ಮದುವೆಯ ಜಾಗ, ಊಟ, ಕರೆಯಬೇಕಾದವರು ಮುಂತಾದ ಮಾತುಕತೆಗೆ ಅನುಕೂಲವಾಗಲಿ ಎಂದು ನನ್ನ ಮಗಳು ಎರಡೂ ಮನೆಯವರನ್ನು ಸೇರಿಸಿ ಫೋನಿನಲ್ಲಿ ಒಂದು ಗುಂಪು ಮಾಡಿದಳು. ಮರುದಿನ ಬೆಳಗ್ಗೆ ಅದರಲ್ಲಿ ಬೀಗರ ಶ್ರೀಹಸ್ತದಿಂದ ಹೀಗೆ ಬಂತು: "ಇಂದಿನ ಪ್ರಶ್ನೆ. ನಮ್ಮ ದೇಶದ ಮೊಟ್ಟಮೊದಲ ನೋಟಿನ ಹಿಂಬದಿಯಲ್ಲಿ ಏನಿತ್ತು?"

ಸುಮ್ಮನಿದ್ದರೆ ಮರ್ಯಾದೆಯಲ್ಲ ಎಂದು "ಯಾರೋ ರಾಜರ ಚಿತ್ರ ಇರಬೇಕು" ಎಂದು ಬರೆದೆ. ಬೀಗರು ಉತ್ತರಿಸಿದರು: "ಓಹೋ. ಏನೂ ಇರಲಿಲ್ಲ. ಖಾಲಿ."

ನನ್ನ ಹೆಂಡತಿ ಫೋನು ಕಿತ್ತುಕೊಂಡು ಅದನ್ನು ಮತ್ತೆ ಮತ್ತೆ ಓದಿದಳು.

"ರೀ, ಈ ಓಹೋ ಒಳ್ಳೇ ಓಹೋ ಅಲ್ಲ."

"ಓಹೋದಲ್ಲಿ ಒಳ್ಳೇದು ಕೆಟ್ಟದ್ದು ಅಂತ ಇರತ್ತೇನೇ?"

"ಇರತ್ತೆ. ಖುಷಿಯಾದ್ರೆ ಮುಂದೆ ಆಶ್ಚರ್ಯದ ಗುರುತು ಹಾಕ್ತಾರೆ. ಇವ್ರು ಚುಕ್ಕಿ ಇಟ್ಟಿದಾರೆ. ಖಾಲಿ ಅಂದಿದ್ದು ನೋಟಿಗೋ ನಿಮ್ಮ ತಲೆಗೋ? ಅವರ ಮಗನಿಗೆ ಹೋದ ವರ್ಷ ಒಂದು ಸಂಬಂಧ ಮುರಿದುಹೋಯ್ತಲ್ಲ, ಯಾಕೆ ಗೊತ್ತಾ? ಮನೆಯವರು ಹೊಂದ್ಲಿಲ್ವಂತೆ! ಅಲ್ಲೂ ಯಾರೋ ನಿಮ್ಮಂಥೋರು ರಾಜರ ಚಿತ್ರ ಅಂದಿರ್ತಾರೆ!"

ಇದು ಶುದ್ಧ ಕಲ್ಪನೆ. ಆದರೆ ನನ್ನ ಹೆಂಡತಿಯ ಕಲ್ಪನೆ ನನ್ನ ಕಿವಿಗೆ ಬಿದ್ದರೆ ಸಾಕು, ಸತ್ಯವಾಗಿಬಿಡುತ್ತದೆ. ಅಂದೇ ಹೋಗಿ ನೋಟುಗಳ ಚರಿತ್ರೆಯ ಒಂದು ದಪ್ಪ ಪುಸ್ತಕ ತಂದೆ. ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಪರೀಕ್ಷೆಗೆ ಹೋಗುವ ಹುಡುಗನ ಹಾಗೆ ತುಟಿ ಅಲ್ಲಾಡಿಸುತ್ತ ಬಾಯಿಪಾಠ ಮಾಡಿದೆ. ನಾನು ಓದಿದ ಪುಟದಿಂದ ಬೀಗರು ಎಂದೂ ಕೇಳಲಿಲ್ಲ. ನೀಲಿ ನೋಟಿನ ದೋಣಿ ಯಾವ ಕಡೆಗೆ ಹೊರಟಿತ್ತು ಎಂದರು. ನಾನು ಎಡಕ್ಕೆ ಎಂದೆ. ಅದು ಬಲಕ್ಕೆ ಹೊರಟಿತ್ತು. ಕಂದು ನೋಟಿನ ಮರದಲ್ಲಿ ಏನು ಕೂತಿತ್ತು ಎಂದರು. ನಾನು ಗಿಳಿ ಎಂದೆ. ಕೂತದ್ದು ಅಳಿಲು. ಪ್ರತಿದಿನವೂ ಒಂದು ಓಹೋ, ಒಂದು ಚುಕ್ಕಿ.

ಕೆಲಸದ ಮೇಲೂ ಇದರ ಪರಿಣಾಮವಾಯಿತು. ಕಣ್ಣು ಪರೀಕ್ಷೆಗೆ ಬಂದ ಅಜ್ಜಿಯೊಬ್ಬರನ್ನು ಕೂರಿಸಿ, "ಹಸಿರು ಚೆನ್ನಾಗಿ ಕಾಣತ್ತಾ, ಕೆಂಪು ಚೆನ್ನಾಗಿ ಕಾಣತ್ತಾ?" ಎಂದು ಕೇಳಬೇಕಾದವನು, "ಹಸಿರು ಯಾವಾಗ ನಿಂತಿತು, ಕೆಂಪು ಯಾವಾಗ ಬಂತು?" ಎಂದು ಕೇಳಿಬಿಟ್ಟೆ. ಅಜ್ಜಿ ಗಾಬರಿಯಾಗಿ, "ಎರಡೂ ಅಲ್ಲೇ ಇದೆಯಲ್ಲಪ್ಪಾ, ನಿನಗೆ ಕಾಣಿಸ್ತಿಲ್ವಾ?" ಎಂದು ನನ್ನ ಕಣ್ಣನ್ನೇ ಇಣುಕಿ ನೋಡಿದರು.

ಆಗ ಹೊಳೆಯಿತು ನನಗೆ ಆ ಮಹದಾಲೋಚನೆ. ಬೀಗರು ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆದು ಮೇಜಿನ ಮೇಲೆ ಇಡುತ್ತಾರೆಂದು ಮಗಳು ಮಾತಿನ ಮಧ್ಯೆ ಹೇಳಿದ್ದಳು. ಅದೇ ಮನೆಯಲ್ಲಲ್ಲವೇ ನನ್ನ ಅಳಿಯನಿರುವುದು?

"ಅಪ್ಪಾ, ಇದು ಕಾಪಿ ಹೊಡಿಯೋದು!" ಎಂದಳು ಮಗಳು.

"ಕಾಪಿ ಅಲ್ಲಮ್ಮಾ, ಕೌಟುಂಬಿಕ ಸಹಕಾರ."

"ನಿಮ್ಮ ಅಳಿಯ ಪಾಪದೋರು, ಸುಳ್ಳು ಹೇಳಿದ್ರೆ ಕಿವಿ ಕೆಂಪಾಗತ್ತೆ."

"ಕಿವಿ ಕೆಂಪಾದ್ರೂ ಪರವಾಗಿಲ್ಲ, ಮದುವೆ ನಡೀಲಿ!" ಎಂದಳು ನನ್ನ ಹೆಂಡತಿ, ಪಾತ್ರೆಯನ್ನು ಕುಕ್ಕಿ. ವಾದ ಅಲ್ಲಿಗೆ ಮುಗಿಯಿತು.

ಅಳಿಯ ಚಿನ್ನದಂಥ ಹುಡುಗ. ಪ್ರತಿ ಬೆಳಗ್ಗೆ ಸದ್ದಿಲ್ಲದೆ ನನಗೊಬ್ಬನಿಗೇ ಉತ್ತರ ಕಳಿಸತೊಡಗಿದ. ಗುಂಪಿನಲ್ಲಿ ಪ್ರಶ್ನೆ ಬಿದ್ದದ್ದೇ ತಡ, ನನ್ನ ಉತ್ತರ ಟಪ್ಪನೆ ಬೀಳುತ್ತಿತ್ತು. "ಭಲೇ ಬೀಗರೇ!" ಎಂದು ಬಂತು. ಹೆಂಡತಿ ಆಶ್ಚರ್ಯದ ಗುರುತನ್ನು ನೋಡಿ ಕಣ್ಣೊರೆಸಿಕೊಂಡಳು. ನನಗೂ ಸ್ವಲ್ಪ ತಲೆ ತಿರುಗಿತು. ಬರೀ ಉತ್ತರ ಸಾಲದೆಂದು, "ಇದರಲ್ಲಿ ಅನುಮಾನವೇ ಇಲ್ಲ", "ಚಿಕ್ಕಮಕ್ಕಳಿಗೂ ಗೊತ್ತು" ಎಂದೆಲ್ಲ ಒಗ್ಗರಣೆ ಹಾಕತೊಡಗಿದೆ.

ಒಂದು ಬೆಳಗ್ಗೆ ಎದ್ದಾಗ ಅಳಿಯನ ಉತ್ತರ ಮಾಮೂಲಿಗಿಂತ ಮುಂಚೆಯೇ ಬಂದಿತ್ತು. ಫೋನನ್ನು ಮೂಗಿಗೆ ತಾಗಿಸಿ ಹೇಗೋ ಓದಿದೆ. "ಮಾವ, ಬೇಗ ಹೊರಡ್ತಿದೀನಿ. ಹತ್ತಿಯ ಚಿಂದಿ." ಹಿಂದೆಯೇ ಗುಂಪಿನಲ್ಲೂ ಏನೋ ಟಿಂಗ್ ಎಂದಿತು. ಕನ್ನಡಕ ಇನ್ನೂ ಕೈಗೆ ಸಿಕ್ಕಿರಲಿಲ್ಲ. (ಊರಿಗೆಲ್ಲ ಕನ್ನಡಕ ಕೊಡುವವನ ಕನ್ನಡಕ ಬೆಳಗ್ಗೆ ಎಲ್ಲಿರುತ್ತದೋ ದೇವರಿಗೇ ಗೊತ್ತು.) ಮಸುಕು ಮಸುಕಾಗಿ ಕೊನೆಯಲ್ಲೊಂದು ಪ್ರಶ್ನಾರ್ಥಕ ಕಂಡಿತು. ಅಷ್ಟು ಸಾಕಾಯಿತು ನನಗೆ. "ಹಳೇ ಹತ್ತಿಯ ಚಿಂದಿ, ಬೀಗರೇ! ಇದರಲ್ಲಿ ಅನುಮಾನವೇ ಇಲ್ಲ. ಮುಟ್ಟಿದರೇ ಗೊತ್ತಾಗುತ್ತದೆ!" ಎಂದು ಒತ್ತಿ, ಹಲ್ಲುಜ್ಜಲು ಹೋದೆ.

ಬಾಯಿ ತುಂಬ ನೊರೆಯಿರುವಾಗ ಹೆಂಡತಿಯ ಚೀತ್ಕಾರ ಕೇಳಿಸಿತು.

ಗುಂಪಿನಲ್ಲಿ ಬಂದದ್ದು ಬೀಗರ ಪ್ರಶ್ನೆಯಾಗಿರಲಿಲ್ಲ. ಬೀಗಿತ್ತಿಯವರು ಭಾವೀ ಸೊಸೆಗೆ ಮದುವೆಯಲ್ಲಿ ಉಡಲೆಂದು ಅಂಗಡಿ ಅಂಗಡಿ ಅಲೆದು ಆರಿಸಿ ತಂದ ರೇಷ್ಮೆಯ ಫೋಟೋ ಅದು. ಕೆಳಗೆ, "ನಮ್ಮ ಹುಡುಗಿಗೆ ಈ ಬಟ್ಟೆ ಹೇಗಿದೆ?" ಎಂದು ಬರೆದಿದ್ದರು. ಅದರ ಕೆಳಗೆ ನನ್ನ ಚಿಂದಿ.

"ಅಳಿಸ್ರೀ! ಅಳಿಸ್ರೀ ಅದನ್ನ!"

ನೊರೆಬಾಯಲ್ಲೇ ಓಡಿಬಂದು ಅಳಿಸಿದೆ. ಮಾತು ಮಾಯವಾಯಿತು. ನಿಟ್ಟುಸಿರು ಬಿಟ್ಟೆ. ಮಗಳು ತನ್ನ ಫೋನು ನೋಡಿ, ತಣ್ಣಗೆ, "ಅಪ್ಪಾ, ನಿಮ್ಮ ಫೋನಿನಲ್ಲಿ ಮಾತ್ರ ಅಳಿಸಿದೀರಿ. ಮಿಕ್ಕವರಿಗೆಲ್ಲ ಚಿಂದಿ ಹಾಗೇ ಇದೆ" ಎಂದಳು.

ಆಮೇಲೆ ಗುಂಪಿನಲ್ಲಿ ಮೌನ. ಪ್ರಶ್ನೆಯಿಲ್ಲ, ಓಹೋ ಇಲ್ಲ. ಅಂಗಡಿಗೆ ಹೋದೆನಾದರೂ ಚೌಕಟ್ಟಿಗೆ ಗಾಜು ಕೂರಿಸಲು ಕೈ ಬರಲಿಲ್ಲ. ಫೋನು ಮಾಡಿ ಏನೆಂದು ಹೇಳುವುದು? ಬಟ್ಟೆಗೆ ಅಂದದ್ದಲ್ಲ ಎಂದರೆ, ಮತ್ತೆ ಯಾವುದಕ್ಕೆ ಅಂದಿರಿ ಎನ್ನುತ್ತಾರೆ. ನೋಟಿಗೆ ಎಂದರೆ, ಪ್ರಶ್ನೆಯನ್ನೇ ಕೇಳಿಲ್ಲವಲ್ಲ ಎನ್ನುತ್ತಾರೆ. ಒಂದು ಕಡೆ ನೊಂದ ಬೀಗಿತ್ತಿ, ಇನ್ನೊಂದು ಕಡೆ ನಿಜ ಹೇಳಿದರೆ ಸಿಕ್ಕಿಬೀಳುವ ಅಳಿಯ. ಮಧ್ಯಾಹ್ನ ಬೀಗರಿಂದ ಒಂದು ಸಾಲು ಬಂತು. "ಸಂಜೆ ಇಬ್ಬರೂ ಬರುತ್ತಿದ್ದೇವೆ. ಎದುರೆದುರು ಮಾತಾಡುವುದಿದೆ."

ಹೆಂಡತಿ ಅಳುತ್ತಲೇ ಮನೆ ಗುಡಿಸಿದಳು, ಅಳುತ್ತಲೇ ಮೆತ್ತೆಗಳಿಗೆ ಹೊಸ ಹೊದಿಕೆ ಹಾಕಿದಳು. "ನನ್ನ ಮಗಳ ಬಾಳು ಚಿಂದಿಯಾಯ್ತಲ್ರೀ!" ಎಂದು, ಆ ಮಾತನ್ನೇ ಬಳಸಿಬಿಟ್ಟೆನಲ್ಲ ಎಂದು ಇನ್ನಷ್ಟು ಅತ್ತಳು.

ಬೀಗರು ಬಂದರು. ಬೀಗಿತ್ತಿ ಚೀಲದಿಂದ ಆ ರೇಷ್ಮೆಯನ್ನು ತೆಗೆದು ನನ್ನ ಮುಂದೆ ಹರಡಿದರು.

"ಮುಟ್ಟಿದ್ರೇ ಗೊತ್ತಾಗತ್ತೆ ಅಂದ್ರಲ್ಲ ಅಣ್ಣಾ, ಮುಟ್ಟಿ ನೋಡಿ."

ಮುಟ್ಟಿದೆ. ಬೆಣ್ಣೆ ಮುಟ್ಟಿದ ಹಾಗಿತ್ತು. ಕಣ್ಣಲ್ಲಿ ನೀರು ಬಂತು. "ತಾಯಿ, ಇದಕ್ಕಲ್ಲ... ನಾನು ಹೇಳಿದ್ದು... ನೋಟಿನ ಕಾಗದಕ್ಕೆ."

ಬೀಗರು ಮುಂದಕ್ಕೆ ಬಾಗಿದರು. "ನೋಟಿನ ಕಾಗದ ಯಾವುದರಿಂದ ಮಾಡ್ತಿದ್ರು ಅನ್ನೋ ಪ್ರಶ್ನೆ ಇನ್ನೂ ನನ್ನ ಜೇಬಲ್ಲೇ ಇದೆಯಲ್ಲ ಬೀಗರೇ?"

ಇನ್ನು ಮುಚ್ಚಿಡಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ದಪ್ಪ ಪುಸ್ತಕ, ಅಳಿಲು, ಚುಕ್ಕಿ, ಕೌಟುಂಬಿಕ ಸಹಕಾರ, ಎಲ್ಲ. "ಹುಡುಗನ ತಪ್ಪೇನೂ ಇಲ್ಲ, ನಾನೇ ದುಂಬಾಲು ಬಿದ್ದೆ. ನಿಮ್ಮ ಮನಸ್ಸಿಗೆ ಬೇಸರ ಆಗಬಾರ್ದು ಅಂತ..."

ಬೀಗರು ಜೇಬಿನಿಂದ ಪ್ರಶ್ನೆಯ ಚೀಟಿ ತೆಗೆದು ಪಕ್ಕಕ್ಕಿಟ್ಟರು.

"ಬೀಗರೇ, ಜೀವನ ಪೂರ್ತಿ ನೋಟು ಅಚ್ಚು ಹಾಕಿದೆ. ನನ್ನ ಮನೇಲಿ ಇವತ್ತಿನವರೆಗೂ ಯಾರೂ ಅದರ ಬಗ್ಗೆ ಒಂದು ಮಾತು ಕೇಳಿಲ್ಲ. ಬಾಯಿ ತೆಗೆದ್ರೆ ಇವಳು ಟೀವಿ ಸದ್ದು ಜಾಸ್ತಿ ಮಾಡ್ತಾಳೆ. ನೀವು... ನನಗೋಸ್ಕರ ಕಾಪಿ ಹೊಡೆದ್ರಿ!" ಎಂದು ಎದ್ದು ಬಂದು ನನ್ನನ್ನು ತಬ್ಬಿಕೊಂಡರು. "ಓದೋ ಆಸೆ ಇದೆ, ಹೇಳಿಕೊಡೋರಿಲ್ಲ, ಅಷ್ಟೇ ನಿಮ್ಮ ಕಷ್ಟ. ನಾಳೆಯಿಂದ ನಾನೇ ನಿಮ್ಮ ಅಂಗಡಿಗೆ ಬರ್ತೀನಿ."

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ, "ಖಂಡಿತ ಬನ್ನಿ ಅಣ್ಣಾ, ಇವರಿಗೂ ಅಲ್ಲಿ ಹೊತ್ತು ಹೋಗಲ್ಲ" ಎಂದುಬಿಟ್ಟಳು.

ಬೀಗಿತ್ತಿಯ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಗಂಡನ ಕೈಯನ್ನು ತಂದು ನನ್ನ ಕೈಯಲ್ಲಿಟ್ಟು, ಸೆರಗಿನಿಂದ ಕಣ್ಣೊತ್ತಿಕೊಂಡು, "ಇನ್ನು ಮೇಲೆ ಇವರು ನಿಮ್ಮವರು ಅಣ್ಣಾ. ಏನಾದ್ರೂ ಹೆಚ್ಚುಕಮ್ಮಿ ಮಾತಾಡಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ" ಎಂದರು.

ಮಗಳು ಆ ಮನೆ ಸೇರಲು ಇನ್ನೂ ಸಮಯವಿದೆ. ಅಷ್ಟರಲ್ಲಿ ಬೀಗರು ನನ್ನ ಅಂಗಡಿ ಸೇರಿದ್ದಾರೆ. ಕೀಲಿ ತೆಗೆಯುವ ಮೊದಲೇ ಊಟದ ಡಬ್ಬಿಯೊಂದಿಗೆ ಬಾಗಿಲಲ್ಲಿ ನಿಂತಿರುತ್ತಾರೆ. ಗೋಡೆಯ ಮೇಲಿದ್ದ, ಕಣ್ಣು ಪರೀಕ್ಷೆಯ ಅಕ್ಷರದ ಹಲಗೆ ಹಳೆಯದಾಯಿತೆಂದು ಕೆಳಗಿಳಿಸಿ, ತಾವೇ ಬರೆದದ್ದನ್ನು ತೂಗುಹಾಕಿದ್ದಾರೆ. ಮೇಲೆ ದೊಡ್ಡಕ್ಷರದಲ್ಲಿ ಇಂದಿನ ಪ್ರಶ್ನೆ, ಸಣ್ಣದಾಗುತ್ತ ಸಣ್ಣದಾಗುತ್ತ ಕೊನೆಯ ಸಾಲಿನಲ್ಲಿ ಉತ್ತರ. ಯಾರಾದರೂ ಕಣ್ಣು ಕಿರಿದು ಮಾಡಿ ತಡವರಿಸಿದರೆ ಬೀಗರಿಗೆ ತಡೆಯಲಾಗುವುದಿಲ್ಲ. ಕಿವಿಯ ಬಳಿ ಬಾಗಿ ಉತ್ತರವನ್ನು ಪಿಸುಗುಟ್ಟಿಬಿಡುತ್ತಾರೆ.

ಈಗ ನನ್ನ ಅಂಗಡಿಗೆ ಬಂದವರೆಲ್ಲ ಕೊನೆಯ ಸಾಲನ್ನು ಸರಾಗವಾಗಿ ಓದಿ, ಕಣ್ಣು ಚೆನ್ನಾಗಿದೆ ಎಂದು ಸಂತೋಷದಿಂದ ಎದ್ದು ಹೋಗುತ್ತಿದ್ದಾರೆ.