ಜವಳಿ ಅಂಗಡಿಯ ಎಂಟು ಟ್ಯೂಬ್‌ಲೈಟು

ಕರೆಂಟಿನ ಕೆಲಸಕ್ಕೆ ಹೋದವನಿಗೆ ತಂತಿಗಿಂತ ಮನುಷ್ಯರೇ ಹೆಚ್ಚು ಶಾಕ್ ಕೊಡುತ್ತಾರೆ. ನನಗೆ ಲಕ್ಷ್ಮೇಶ್ವರದಲ್ಲಿ ಕೊಟ್ಟರು, ಮುಂಡರಗಿಯಲ್ಲಿ ಕೊಟ್ಟರು, ಶಿರಹಟ್ಟಿಯವರೂ ಹಿಂದೆ ಬೀಳಲಿಲ್ಲ. ಆದರೆ ಬೆಟಗೇರಿಯ ಒಂದೇ ಜವಳಿ ಅಂಗಡಿಯಲ್ಲಿ ಸಿಕ್ಕಷ್ಟು ಇನ್ನೆಲ್ಲೂ ಸಿಗಲಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಹತ್ತು ವರ್ಷ ಉಸ್ತಾದರೊಬ್ಬರ ಕೈಕೆಳಗೆ ವಾಯರಿಂಗ್ ಕಲಿತು, ಆಗಷ್ಟೇ ಸ್ವಂತ ಕೆಲಸ ಹಿಡಿದಿದ್ದೆ. ಬಿಟ್ಟು ಹೊರಟಾಗ ಉಸ್ತಾದರು ಬೈಯಲಿಲ್ಲ. "ಹೋಗು. ಮೊದಲನೇ ಕೆಲಸ ಕೆಟ್ರ ತಿರುಗಿ ಬಾ. ನಿನ್ನ ಜಾಗಾ ಇಲ್ಲೇ ಇರತೈತಿ" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಆ ಮೊದಲನೇ ಕೆಲಸವೇ ಈ ಅಂಗಡಿ. ಸಾಹುಕಾರರು ಹಿಂದೊಮ್ಮೆ ಹುಬ್ಬಳ್ಳಿಯಲ್ಲಿ ನೋಡಿಬಂದು, ಚಾವಣಿಯ ಕೆಳಗೆ ಹಲಗೆಯ ಇನ್ನೊಂದು ಚಾವಣಿ ಹೊಡೆಸಿ, ಅದರೊಳಗೆ ಎಂಟು ದಪ್ಪ ಟ್ಯೂಬ್‌ಲೈಟು ಹುದುಗಿಸಿದ್ದರು. ಅವನ್ನು ತೆಗೆದು, ಕರೆಂಟು ಕಡಿಮೆ ತಿನ್ನುವ ಸಣ್ಣ ಟ್ಯೂಬು, ಎಲೆಕ್ಟ್ರಾನಿಕ್ ಚೋಕು ಹಾಕಬೇಕಿತ್ತು. "ನಮ್ಮದು ಚಲೋ ಆದ್ರ ಈ ಸಾಲಿನ ಅಂಗಡಿ ಎಲ್ಲಾ ನಿನಗ" ಎಂದಿದ್ದರು. ಕೆಟ್ಟರೆ ಏನೆಂದು ಅವರು ಹೇಳಲಿಲ್ಲ. ನನಗೆ ಗೊತ್ತಿತ್ತು.

ತೂಕ

ಸಾಹುಕಾರರು ಹೊಸ ಟ್ಯೂಬನ್ನು ಕೈಗೆ ತೆಗೆದುಕೊಂಡು, ಪತ್ತಲದ ಸೆರಗು ನೋಡುವ ಹಾಗೆ ಎರಡು ಬೆರಳ ನಡುವೆ ತಿಕ್ಕಿದರು. ಇನ್ನೊಂದು ಕೈಯಲ್ಲಿ ಹಳೆಯದನ್ನು ಹಿಡಿದು ತೂಗಿ ನೋಡಿದರು.

"ಇದರಾಗ ಮಾಲು ಕಮ್ಮಿ ಐತಲ್ಲೋ ತಮ್ಮಾ."

"ಬೆಳಕು ಮಾತ್ರ ಅಷ್ಟ ಬರತೈತ್ರಿ ಸಾವ್ಕಾರ್ರ."

"ಕಮ್ಮಿ ನೂಲಿನಾಗ ಅಷ್ಟ ಬಾಳಿಕಿ ಬರತೈತಿ ಅಂತ ನಾನೂ ಭಾಳ ಮಂದಿಗೆ ಹೇಳೀನಿ" ಎಂದರು ಸಾಹುಕಾರರು.

ನಾನು ಏಣಿ ಹತ್ತಿದೆ.

ಇಲಿ

ಅಂಗಡಿಯಲ್ಲಿ ತಂಬಾಕು ಹಾಕಬಾರದೆಂದು ಸಾಹುಕಾರರ ಕಟ್ಟಪ್ಪಣೆ. ಮೊದಲನೇ ಟ್ಯೂಬಿನ ಪಕ್ಕದ ಹಲಗೆ ಸರಿಸಿದೆ, ಒಂದು ತಂಬಾಕಿನ ಚೀಲ ಕೆಳಗೆ ಬಿತ್ತು. ಅದರ ಹಿಂದೆ ಸುಣ್ಣದ ಡಬ್ಬಿ. ಎರಡೂ ಬಿದ್ದದ್ದು ಬಿಳಿ ಗಾದಿಯ ಮೇಲೆ, ಸಾಹುಕಾರರ ಮೊಳಕಾಲಿನ ಮುಂದೆ.

ಮೇಲಿನ ಗೂಡಿನಿಂದ ಬಟ್ಟೆ ಇಳಿಸಲು ದಿನಕ್ಕೆ ಹತ್ತು ಸಲ ಅಲ್ಲಿಯವರೆಗೆ ಹತ್ತುತ್ತಿದ್ದವರು ಹಳೆಯ ಗುಮಾಸ್ತರೊಬ್ಬರೇ. ಎಲ್ಲರೂ ಅವರನ್ನೇ ನೋಡಿದೆವು. ಅವರು ಮೊಳ ಹಾಕುತ್ತಿದ್ದ ಬಟ್ಟೆಯಿಂದ ಕಣ್ಣೆತ್ತಲಿಲ್ಲ.

"ಇಲಿ ತಂದಿಟ್ಟಿರಬೇಕ್ರಿ."

"ಸುಣ್ಣದ ಡಬ್ಬಿ ಸೈತ?"

"ಸುಣ್ಣ ಇಲ್ಲದ ಅವು ತಂಬಾಕ ಹೆಂಗ ತಿನ್ನಬೇಕ್ರಿ?"

ಬಿಸಿಲು

ಕೆಲಸ ಮುಗಿದ ಮರುದಿನ ಹರ್ತಿಯಿಂದ ಒಬ್ಬ ಅಜ್ಜಿ ಬಂದಳು. ನಮ್ಮ ಕಡೆ ಪತ್ತಲ ಕೊಳ್ಳುವವರು ಅದನ್ನು ಅಂಗಡಿಯ ಹೊರಗಿನ ಕಟ್ಟೆಗೆ ಒಯ್ದು, ಬಿಸಿಲಿಗೆ ಹಿಡಿದು ಬಣ್ಣ ನೋಡದೆ ಬಿಡುವವರಲ್ಲ. ಅಜ್ಜಿಯೂ ಹೊರಟಳು.

ಸಾಹುಕಾರರು ಚಾವಣಿಗೆ ಕೈ ತೋರಿಸಿ, "ಇನ್ನ ಹೊರಗ ಹೋಗೂದು ಬ್ಯಾಡ ಬೇ ಯವ್ವಾ, ಹೊಸಾ ಬೆಳಕು ಹಾಕಿಸೇನಿ. ಇಲ್ಲೇ ನೋಡು, ಹಗಲು ಆದಂಗ ಐತಿ" ಎಂದರು.

ಅಜ್ಜಿ ಮೇಲೆ ನೋಡಿದಳು, ಸಾಹುಕಾರರನ್ನು ನೋಡಿದಳು. "ಈ ಬೆಳಕ ನೀ ಹಾಕಿಸಿದ್ದು, ನೀ ಹೇಳಿದಂಗ ಹೇಳತೈತಿ. ಸೂರ್ಯಾ ನಿನ್ನ ಅಂಗಡ್ಯಾಗ ನೌಕರಿಗಿಲ್ಲಪಾ" ಎಂದು ಪತ್ತಲ ಹಿಡಿದುಕೊಂಡು ಕಟ್ಟೆಗೆ ಹೋದಳು.

ನಿಂತ್ವು

ಸಂಜೆ ದೀಪ ಹಚ್ಚಿ ಕೈಮುಗಿಯುವುದು ಎಲ್ಲರ ಮನೆಯಲ್ಲೂ ಉಂಟು. ಸಾಹುಕಾರರದು ಒಂದು ಕೈ ಮೇಲೆ. ಗುಂಡಿ ಒತ್ತಿ, ಕಣ್ಣು ಮುಚ್ಚಿ, ಕೈಮುಗಿದು ಶಿವನಾಮ ಹೇಳುತ್ತ ನಿಲ್ಲುವರು. ಹಳೆಯ ಟ್ಯೂಬುಗಳು ಮಿಣಮಿಣ ಎನ್ನುತ್ತ ಎನ್ನುತ್ತ ಕೊನೆಗೆ ಎಂಟೂ ನೆಟ್ಟಗೆ ಉರಿದಾಗ ಗುಮಾಸ್ತರು "ನಿಂತ್ವುರಿ" ಎನ್ನುವರು. ಆಗ ಕಣ್ಣು ತೆರೆದು ವ್ಯಾಪಾರ. ಅಲ್ಲಿಯವರೆಗೆ ಒಂದು ಕರವಸ್ತ್ರವನ್ನೂ ಮಾರುತ್ತಿರಲಿಲ್ಲ.

ನನ್ನ ಹೊಸ ಟ್ಯೂಬುಗಳು ಗುಂಡಿ ಒತ್ತಿದ ಕೂಡಲೇ ಪಕ್ಕನೆ ಹತ್ತುತ್ತಿದ್ದವು. ಮೂರನೇ ದಿನ ಕರೆಸಿದರು.

"ಕೈ ಜೋಡಸೂದ್ರಾಗ ಹತ್ತಿ ಬಿಡತಾವಲ್ಲಲೇ. ನಿನ್ನ ಬೆಳಕು ದೇವರ ಹೆಸರು ತಗೊಳ್ಳಾಕ ಪುರುಸೊತ್ತು ಕೊಡವಲ್ದು. ಎಲ್ಲಾ ತಗದು ಹಳೇವ ಹಾಕು."

ಉಸ್ತಾದರ ಬಾಗಿಲೇ ಕಣ್ಣ ಮುಂದೆ ಬಂತು. ಹೊಳೆದದ್ದೊಂದೇ ದಾರಿ: ಏಳು ಹೊಸವು ಇರಲಿ, ದೇವರ ಪಟದ ಮೇಲಿನ ಒಂದು ಮಾತ್ರ ಹಳೆಯದು, ಹಳೆಯ ಚೋಕು, ಮಿಣುಕಿಸಿ ಮಿಣುಕಿಸಿ ಹತ್ತಿಸುವ ಹಳೆಯ ಸ್ಟಾರ್ಟರ್. ಸಾಹುಕಾರರು ಒಪ್ಪಿದರು.

ಹದಿನೈದು ದಿನ ಎಲ್ಲ ಸರಿ. ಒಂದು ಸಂಜೆ ಹಿರೇವಡ್ಡಟ್ಟಿಯವರು ಮದುವೆಯ ಜವಳಿ ತೆಗೆಯಲು ಬಂದು ಕೂತಿದ್ದಾಗ ಆ ಹಳೆಯ ಸ್ಟಾರ್ಟರ್ ಕೈಕೊಟ್ಟಿತು. ಟ್ಯೂಬು ಮಿಣಮಿಣ ಎನ್ನುತ್ತಲೇ ಇತ್ತು, ನಿಲ್ಲಲಿಲ್ಲ. ಸಾಹುಕಾರರು ಕಣ್ಣು ತೆರೆಯಲಿಲ್ಲ. ಗುಮಾಸ್ತರು ಇದೊಂದು ವಿಷಯದಲ್ಲಿ ಸುಳ್ಳು ಹೇಳುವವರಲ್ಲ. ಮದುವೆಯವರು ಕೂತಿರುವುದು ಸರಿಯಲ್ಲವೆಂದು ಎದ್ದು ಕೈಮುಗಿದರು. ದಾರಿಯಲ್ಲಿ ಹೋಗುವವರು ಪೂಜೆ ನಡೆದಿದೆಯೆಂದು ಚಪ್ಪಲಿ ಬಿಟ್ಟು ಒಳಗೆ ಬಂದರು.

ಗುಮಾಸ್ತರು ಓಡಿಬಂದು ನನ್ನನ್ನು ಚಹಾದಂಗಡಿಯಿಂದ ಎಬ್ಬಿಸಿದರು. ನಾನು ಹೋಗಿ ನೋಡುತ್ತೇನೆ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಹೇಗೋ ನುಗ್ಗಿ, ಸ್ಟೂಲು ಹತ್ತಿ, ಸ್ಟಾರ್ಟರ್ ತಿರುವಿದೆ. ಟ್ಯೂಬು ನಿಂತಿತು.

"ನಿಂತ್ವುರಿ!" ಎಂದು ಗುಮಾಸ್ತರು ಕೂಗಿದರು.

ಸಾಹುಕಾರರು ಕಣ್ಣು ತೆರೆದರು. ಮುಚ್ಚುವಾಗ ಐದು ಜನರಿದ್ದ ಅಂಗಡಿಯಲ್ಲಿ ಐವತ್ತು ಜನ. ಕೈಮುಗಿದು ಬರಿಗೈಯಲ್ಲಿ ಹೋಗುವುದು ಹೇಗೆಂದು ಬಂದವರೆಲ್ಲ ಟವೆಲೋ ಕುಪ್ಪಸದ ಖಣವೋ ಕೊಂಡೇ ಹೋದರು.

ಮರುದಿನ ಬೆಳಿಗ್ಗೆ ಆ ಸಾಲಿನ ಹನ್ನೆರಡು ಅಂಗಡಿಯವರೂ ನನ್ನ ಮನೆಯ ಮುಂದೆ. ನಾನು ಗೆದ್ದೆ ಎಂದುಕೊಂಡೆ. ಎಲ್ಲರದೂ ಒಂದೇ ಮಾತು: "ಹೊಸಾವ ಹಾಕು. ಆದ್ರ ದೇವರ ಮುಂದ ಒಂದು, ಸಾವ್ಕಾರ್ರ ಅಂಗಡ್ಯಾಗಿನಂಥಾದ್ದು, ಜಲ್ದಿ ನಿಲ್ಲಬಾರದು."

ಕೆಟ್ಟ ಸ್ಟಾರ್ಟರನ್ನು ಯಾವ ಅಂಗಡಿಯವನು ಮಾರುತ್ತಾನೆ? ವಿಧಿಯಿಲ್ಲದೆ ಉಸ್ತಾದರ ಬಾಗಿಲಿಗೇ ಹೋದೆ.

"ಕೆಲಸ ಕೆಟ್ಟತೇನು?"

"ಇಲ್ರಿ ಉಸ್ತಾದ್ರ, ಕೆಲಸ ಭಾಳ ಬಂದೈತಿ. ಹನ್ನೆರಡು ಕೆಟ್ಟ ಸ್ಟಾರ್ಟರ್ ಬೇಕಾಗಿದ್ವು."

ಉಸ್ತಾದರು ಒಂದು ಡಬ್ಬಿ ತೆಗೆದು, ಒಂದೊಂದೇ ಸ್ಟಾರ್ಟರ್ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಇವೆಲ್ಲಾ ಪೂರಾ ಸತ್ತಾವು. ನಿನಗ ಅರ್ಧಾ ಕೆಟ್ಟಾವು ಬೇಕು. ಆರ್ಡರ್ ಕೊಟ್ಟು ಹೋಗು, ಮಾಡಿ ಇಡತೀನಿ."