ಪೋಸ್ಟ್‌ಮಾಸ್ತರರ ಖೂನ

ಪತ್ತೇದಾರಿ ಕಾದಂಬರಿ ಬರೆಯುವವನಿಗೆ ಗಟ್ಟಿ ಗುಂಡಿಗೆ ಬೇಕೆಂದು ಜನ ತಿಳಿದಿದ್ದಾರೆ. ಸುಳ್ಳು. ತಿಗಣೆ ಕೊಲ್ಲಲು ಹಿಂಜರಿಯುವ ನಾನು ಪುಣೆಯ ಸದಾಶಿವ ಪೇಟೆಯ ವಾಡೆಯೊಂದರ ಮಾಳಿಗೆಯಲ್ಲಿ ಕುಳಿತು ಏಳು ವರ್ಷಗಳಲ್ಲಿ ಹದಿನಾಲ್ಕು ಜನರನ್ನು ಕೊಂದಿದ್ದೇನೆ. ಅವರಲ್ಲಿ ಇಬ್ಬರು ದಿವಾನರು. ನಿಜವಾಗಿ ಬೇಕಾದದ್ದು, ಯಾರನ್ನು ಕೊಂದೆನೆಂಬ ನೆನಪು. ನನಗೆ ಅದೇ ಕಡಿಮೆ. ಆ ಕೆಲಸ ನನ್ನ ಹೆಂಡತಿಯದಾಗಿತ್ತು.

ಅವಳು ಧಾರವಾಡದವಳು, ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ನಾನು ಶಾಲೆಯೊಂದರ ಗುಮಾಸ್ತ. ಸಂಜೆ ಮನೆಗೆ ಬಂದು ನಾನು ಬರೆದದ್ದನ್ನು ಓದಬೇಕು, ಅವಳು ಒಲೆಯ ಮುಂದೆ ಕುಳಿತು ಕೇಳಬೇಕು. ಒಗ್ಗರಣೆ ಸೀದರೆ ಅಧ್ಯಾಯ ಪಾಸು. ಸಾರು ರುಚಿಯಾಗಿದ್ದ ದಿನ ನಾನು ಮತ್ತೆ ಬರೆಯಲು ಕೂಡುತ್ತಿದ್ದೆ. ಮರುದಿನ ಅವಳು ಹಸ್ತಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿರುತ್ತಿದ್ದಳು: “ವಿಷಾ ಕುಡದಾಂವ ಇಷ್ಟು ಮಾತಾಡಬಾರದು.” “ದಿವಾನರ ಹೆಂಡತಿ ಮೂರು ದಿನದಿಂದ ಉಂಡಿಲ್ಲ, ನೋಡ್ರಿ.” ಈ ಶ್ರಾವಣದಲ್ಲಿ ಹತ್ತು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಹೊಸ ಕಾದಂಬರಿಯ ನಾಲ್ಕು ಅಧ್ಯಾಯಗಳನ್ನಷ್ಟೇ ಓದಿದ್ದಳು. ಉಳಿದದ್ದನ್ನು ಹೇಗೋ ಬರೆದು ಮುಗಿಸಿ, ಹಿಂದಿನ ಪುಟಗಳನ್ನು ತಿರುವಿ ನೋಡುವ ಧೈರ್ಯವಾಗದೆ, ಬೆಂಗಳೂರಿನ ಮುದ್ರಣಾಲಯಕ್ಕೆ ಕಳಿಸಿದೆ.

ಕರಡಚ್ಚಿನ ಜೊತೆಗೆ ಹಸ್ತಪ್ರತಿಯೂ ಮರಳಿ ಬಂತು. ಮೇಲೆ ಅಚ್ಚಿನ ಮೊಳೆ ಜೋಡಿಸುವವನ ಒಂದು ಕಾಗದ. “ಸ್ವಾಮಿ, ತಮ್ಮ ಪೋಸ್ಟ್‌ಮಾಸ್ತರರು ನಾಲ್ಕನೆಯ ಅಧ್ಯಾಯದಲ್ಲಿ ಕೊಲೆಯಾಗಿ, ಐದನೆಯದರಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಾರೆ. ಎರಡನೆಯ ಸಲವೂ ಬಡಿಸಿಕೊಂಡಿದ್ದಾರೆ. ಯಾವುದನ್ನು ತೆಗೆಯೋಣ, ಸಾವನ್ನೋ ಉಪ್ಪಿಟ್ಟನ್ನೋ? ಈ ಯುದ್ಧಕಾಲದಲ್ಲಿ ಕಾಗದ ಸಿಕ್ಕುವುದೇ ಕಷ್ಟ. ಬೇಗ ತಿಳಿಸಬೇಕು.”

ನಾನು ಪೋಸ್ಟ್‌ಮಾಸ್ತರನನ್ನು ಕೊಂದೇ ಇರಲಿಲ್ಲ. ಒಂದು ಲಕೋಟೆಯನ್ನು ತಪ್ಪು ಮನೆಗೆ ಕಳಿಸಲೆಂದು ಕಥೆಯಲ್ಲಿ ಇಟ್ಟುಕೊಂಡ ಬಡಪಾಯಿ ಅವನು. ಹಸ್ತಪ್ರತಿ ತೆರೆದರೆ ನಾಲ್ಕನೆಯ ಅಧ್ಯಾಯದ ಅಂಚಿನಲ್ಲಿ ಅವಳ ಅಕ್ಷರ: “ಪೋಸ್ಟಮಾಸ್ತರರ ಖೂನ ಆತು.” ಖೂನ ಎಂದರೆ ನಮ್ಮ ಕಡೆ ಗುರುತು. ಇವರು ಯಾರೆಂದು ಗೊತ್ತಾಯಿತು ಎಂದು ಬರೆದಿದ್ದಳು, ಅಷ್ಟೇ. ಮೈಸೂರು ಕಡೆಯ ಆ ಮನುಷ್ಯ ಅದನ್ನು ನನ್ನ ತಿದ್ದುಪಡಿಯೆಂದುಕೊಂಡು, ಭಾಷೆಯನ್ನೂ ನೆಟ್ಟಗೆ ಮಾಡಿ, “ಪೋಸ್ಟ್‌ಮಾಸ್ತರರ ಖೂನಿಯಾಯಿತು” ಎಂದು ಕಥೆಯೊಳಗೇ ಜೋಡಿಸಿದ್ದ.

ಒಂದು ಗೀಟು ಹೊಡೆದರೆ ಮುಗಿಯುತ್ತಿತ್ತು. ಕೈ ಬರಲಿಲ್ಲ. ಅವಳು ಬರೆದ ಕೊನೆಯ ಸಾಲು ಅದು. ಸಾವು ಉಳಿಯಲಿ, ಉಪ್ಪಿಟ್ಟಿಗೇ ದಾರಿ ಹುಡುಕೋಣವೆಂದು ಕೂತೆ. ಪೋಸ್ಟ್‌ಮಾಸ್ತರನಿಗೆ ಅವಳಿ ತಮ್ಮನನ್ನು ಹುಟ್ಟಿಸಿದೆ. ಅವನು ಐದನೆಯ ಅಧ್ಯಾಯದಲ್ಲಿ ಯಾವ ಅಧಿಕಾರದಿಂದ ಟಪಾಲಿಗೆ ಠಸ್ಸೆ ಒತ್ತುತ್ತಾನೆಂದು ಹೊಳೆಯಲಿಲ್ಲ. ಸತ್ತವನನ್ನೇ ಪಿಶಾಚಿ ಮಾಡಿದೆ, ಪಿಶಾಚಿಗೆ ಭೇದಿಯ ಭಯವಿಲ್ಲದಿದ್ದರೂ ಎರಡನೆಯ ಸಲ ಬಡಿಸಿಕೊಳ್ಳುವುದು ಅತಿಯಾಯಿತು.

ಕೆಳಗಿನ ಮನೆಯ ಅಂಬಕ್ಕ ಚಹಾ ತಂದರು. ನನ್ನವಳ ಗೆಳತಿ.

“ಅಂಬಕ್ಕ, ಆಕಿಗೆ ಇದರಾಗ ಯಾರ ಖೂನ ಆಗಿತ್ತಂತ? ನಮಗ ಗೊತ್ತಿದ್ದ ಆ ಹುಬ್ಬಳ್ಳಿ ಪೋಸ್ಟಮಾಸ್ತರರದೇನು?”

ಅವರು ಪೋಸ್ಟ್‌ಮಾಸ್ತರ ಛತ್ರಿ ಹುಡುಕುವ ಆ ಪುಟ ಓದಿ, ಸೆರಗು ಬಾಯಿಗಿಟ್ಟುಕೊಂಡರು. “ಅಯ್ಯ ನಿಮ್ಮ! ಛತ್ರಿ ಬಗಲಾಗ ಇಟಗೊಂಡು ಮನಿ ತುಂಬ ಛತ್ರಿ ಹುಡುಕಾಂವಾ, ಮ್ಯಾಲೆ ಹೆಂಡತೀನ್ನ ಬೈಯಾಂವಾ, ಈ ವಾಡೇದಾಗ ಎಷ್ಟು ಮಂದಿ ಇದ್ದಾರ್ರೀ? ನಳದ ಹತ್ರ ಹೇಳಿ ಹೇಳಿ ನಕ್ಕಿದ್ಲು. ‘ತಮ್ಮನ್ನ ತಾವ ಬರದಾರ, ಇನ್ನೂ ತಿಳದಿಲ್ಲ’ ಅಂತ. ಊರ ಕಳ್ಳರನ್ನೆಲ್ಲಾ ಹಿಡೀತೀರಿ, ನಿಮ್ಮ ಖೂನ ನಿಮಗ ಆಗಲಿಲ್ಲಾ?”

ಅವರು ನಗುತ್ತ ಹೊರಟವರು ಬಾಗಿಲಲ್ಲಿ ಕಣ್ಣೊರೆಸಿಕೊಂಡರು. ನಾನು ಚಹಾ ಮುಗಿಸಿ, ಅಂದೇ ಬೆಂಗಳೂರಿಗೆ ಕಾಗದ ಹಾಕಿದೆ: “ಎರಡೂ ಇರಲಿ. ಸತ್ತ ಮನುಷ್ಯ ಉಪ್ಪಿಟ್ಟು ತಿನ್ನುವುದು ಅಸಂಭವವೇನಲ್ಲ. ನಾನೇ ಶ್ರಾವಣದಿಂದ ತಿನ್ನುತ್ತಿದ್ದೇನೆ.”